ಕಾರಿನ ಸ್ಪಾರ್ಕ್ ಪ್ಲಗ್ ಮನೆಯಲ್ಲೇ ಬದಲಾಯಿಸಿ, ಥ್ರೆಡ್ ಕೆಡಿಸದೆ

ತುಮಕೂರಿನಿಂದ ದಿನಾ ಬೆಂಗಳೂರಿಗೆ ಕಾರಿನಲ್ಲಿ ಹೋಗಿ ಬರುವವರು ಕಡಿಮೆಯೇನಿಲ್ಲ. ಹೋಗೋದು 70 ಕಿಲೋಮೀಟರ್, ಬರೋದು 70. ತಿಂಗಳಿಗೆ 25 ದಿನ ಅಂತ ಹಿಡಿದರೂ ವರ್ಷಕ್ಕೆ 40 ಸಾವಿರ ದಾಟುತ್ತದೆ. ಸಾಮಾನ್ಯ ನಿಕ್ಕಲ್ ಪ್ಲಗ್‌ನ ಆಯಸ್ಸು ಹೆಚ್ಚೆಂದರೆ ಅಷ್ಟೇ. ಅಂದರೆ ಇಂಥವರಿಗೆ ಪ್ಲಗ್ ಬದಲಾವಣೆ ವರ್ಷಕ್ಕೊಮ್ಮೆ ಬಂದೇ ಬರುವ ಕೆಲಸ. ಅದಕ್ಕಾಗಿ ಪ್ರತಿ ಸಲ ಅರ್ಧ ದಿನ ರಜೆ ಹಾಕಿ ಗ್ಯಾರೇಜ್ ಮುಂದೆ ಕಾಯಬೇಕಿಲ್ಲ. ಭಾನುವಾರ ಬೆಳಿಗ್ಗೆ ತಿಂಡಿಗೆ ಮುಂಚೆ ಮನೆ ಮುಂದೆಯೇ ಮುಗಿಸಬಹುದು.

ಕೆಲಸ ನೋಡೋಕೆ ತೀರಾ ಸುಲಭ. ಹಳೆಯದು ಬಿಚ್ಚೋದು, ಹೊಸದು ಹಾಕೋದು. ಆದರೆ ಪ್ಲಗ್ ಉಕ್ಕಿನದು, ಅದು ಕೂರುವ ಸಿಲಿಂಡರ್ ಹೆಡ್, ಅಂದರೆ ಎಂಜಿನ್‌ನ ಮೇಲ್ಭಾಗ, ಅಲ್ಯೂಮಿನಿಯಂದು. ಇವೆರಡರ ಜಗಳದಲ್ಲಿ ಸೋಲೋದು ಯಾವಾಗಲೂ ಅಲ್ಯೂಮಿನಿಯಂ. ಹೆಡ್‌ನ ಥ್ರೆಡ್ (ಪ್ಲಗ್ ತಿರುಗಿ ಕೂರುವ ಸ್ಕ್ರೂ ಹಲ್ಲು) ಹೋಯಿತು ಅಂದರೆ ಅಲ್ಲೇ ಹೆಲಿಕಾಯಿಲ್, ಅಂದರೆ ಹೊಸ ಥ್ರೆಡ್ ಕೊಡುವ ಸುರುಳಿ ತಂತಿ ಕೂರಿಸಬೇಕು, ಇಲ್ಲವೇ ಹೆಡ್ ಬಿಚ್ಚಿ ಲೇತ್‌ಗೆ ಕೊಡಬೇಕು. ನೂರಿನ್ನೂರು ರೂಪಾಯಿಯ ಪ್ಲಗ್ ಸಾವಿರಾರು ರೂಪಾಯಿಗೆ ಹೋಗಿ ನಿಲ್ಲುತ್ತದೆ. ಕೆಳಗೆ ಹೇಳಿರುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಆ ಥ್ರೆಡ್ ಉಳಿಸೋಕೆ ಇರುವಂಥವೇ.

ಮೊದಲು, ಬದಲಾಯಿಸಬೇಕಾ ಬೇಡವಾ

ಡೀಸೆಲ್ ಗಾಡಿಯವರು ಇಲ್ಲಿಗೇ ಓದೋದು ನಿಲ್ಲಿಸಬಹುದು. ಬೊಲೆರೊ, ಹಳೇ ಡೀಸೆಲ್ ಡಿಸೈರ್, ಇವಕ್ಕೆ ಸ್ಪಾರ್ಕ್ ಪ್ಲಗ್ ಇರೋದಿಲ್ಲ. ಅಲ್ಲಿರೋದು ಗ್ಲೋ ಪ್ಲಗ್. ಅದರ ಕೆಲಸವೇ ಬೇರೆ.

ಪೆಟ್ರೋಲ್ ಗಾಡಿಯವರು ಮೊದಲು ಓನರ್ಸ್ ಮ್ಯಾನ್ಯುಯಲ್ ತೆಗೆಯಿರಿ. ಪ್ಲಗ್ ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು, ಯಾವ ನಂಬರ್ ಪ್ಲಗ್, ಗ್ಯಾಪ್ (ಕಿಡಿ ಹಾರುವ ತುದಿಯ ಸಂದು) ಎಷ್ಟು, ಎಲ್ಲಾ ಅದರಲ್ಲೇ ಇರುತ್ತದೆ. ನಿಕ್ಕಲ್ ಪ್ಲಗ್ ಆದರೆ 20ರಿಂದ 40 ಸಾವಿರ ಕಿಲೋಮೀಟರ್, ಇರಿಡಿಯಂ ಆದರೆ 80 ಸಾವಿರದಿಂದ 1 ಲಕ್ಷದ ಆಸುಪಾಸು. ಸಿಎನ್‌ಜಿ ಗಾಡಿಯಲ್ಲಿ ಇನ್ನೂ ಬೇಗ ಸವೆಯುತ್ತದೆ. ಗ್ಯಾಸ್ ಹೊತ್ತಿಸೋಕೆ ಕಿಡಿಗೆ ಜಾಸ್ತಿ ವೋಲ್ಟೇಜ್ ಬೇಕು. ಟರ್ಬೊ ಎಂಜಿನ್‌ದೂ ಅದೇ ಪಾಡು.

ಸವೆತ ಯಾಕೆ ಅಷ್ಟು ಅನ್ನೋದಕ್ಕೆ ಒಂದು ಲೆಕ್ಕ ನೋಡಿ. ಎಂಜಿನ್ ಎರಡು ಸುತ್ತು ಸುತ್ತಿದರೆ ಒಂದು ಪ್ಲಗ್ ಒಂದು ಸಲ ಕಿಡಿ ಕೊಡುತ್ತದೆ. 2,000 ಆರ್‌ಪಿಎಂ ಅಂದರೆ ನಿಮಿಷಕ್ಕೆ 1,000 ಕಿಡಿ. ಒಂದೂವರೆ ಗಂಟೆಯಲ್ಲಿ ಬೆಂಗಳೂರು ಮುಟ್ಟುವಷ್ಟರಲ್ಲಿ ಪ್ರತಿ ಪ್ಲಗ್ ಸುಮಾರು 90 ಸಾವಿರ ಸಲ ಕಿಡಿ ಕೊಟ್ಟಿರುತ್ತದೆ. ಪ್ರತಿ ಕಿಡಿಗೂ ಲೋಹ ಚೂರು ಚೂರೇ ಉದುರುತ್ತದೆ, ತುದಿ ಉರುಟಾಗುತ್ತದೆ, ಗ್ಯಾಪ್ ಅಗಲ ಆಗುತ್ತದೆ. ಗ್ಯಾಪ್ ಅಗಲ ಆದಷ್ಟೂ ಪ್ಲಗ್‌ಗೆ ಹೈ ವೋಲ್ಟೇಜ್ ಕೊಡುವ ಕಾಯಿಲ್ ಮೇಲೆ ಭಾರ ಜಾಸ್ತಿ. ಸವೆದ ಪ್ಲಗ್‌ನಲ್ಲೇ ವರ್ಷಗಟ್ಟಲೆ ಓಡಿಸಿದರೆ ಕೊನೆಗೆ ಕಾಯಿಲ್ಲೂ ಕೈ ಕೊಡುತ್ತದೆ. ಪ್ಲಗ್‌ಗಿಂತ ಅದು ಬಹಳ ದುಬಾರಿ.

ಲಕ್ಷಣಗಳು ಗೊತ್ತಿರುವಂಥವೇ. ಬೆಳಿಗ್ಗೆ ಸ್ಟಾರ್ಟ್ ಆಗೋಕೆ ತಡ, ನಿಂತಲ್ಲಿ ಎಂಜಿನ್ ನಡುಗೋದು, ಓವರ್‌ಟೇಕ್ ಮಾಡುವಾಗ ಜಗ್ಗಿದಂತೆ ಆಗೋದು, ಮೈಲೇಜ್ ಇಳಿಯೋದು. ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಮಾತ್ರ ತಡ ಮಾಡಬೇಡಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತಿದೆ ಅಂತ ಅರ್ಥ.

ಪ್ಲಗ್ ತರೋದು

ಬಿ.ಎಚ್. ರಸ್ತೆಯ ಸ್ಪೇರ್ ಅಂಗಡಿಗೆ ಹೋಗಿ "ಸ್ವಿಫ್ಟ್‌ಗೆ ಪ್ಲಗ್ ಕೊಡಿ" ಅಂದರೆ ಸಾಲದು. ಹಳೆಯ ಸ್ವಿಫ್ಟ್ ಪೆಟ್ರೋಲ್‌ಗೆ ನಾಲ್ಕು ಸಿಲಿಂಡರ್, 2024ರಲ್ಲಿ ಬಂದ ಹೊಸದಕ್ಕೆ ಮೂರು. ವ್ಯಾಗನ್ ಆರ್‌ನಲ್ಲಿ 1 ಲೀಟರ್ ಎಂಜಿನ್‌ಗೆ ಮೂರು, 1.2 ಲೀಟರಿಗೆ ನಾಲ್ಕು. ಹಳೆಯ ಹೋಂಡಾ ಸಿಟಿ ಐ-ಡಿಎಸ್‌ಐ ಇಟ್ಟುಕೊಂಡವರಿಗೆ ಎಂಟು ಪ್ಲಗ್ ಬೇಕು, ಸಿಲಿಂಡರಿಗೆ ಎರಡರಂತೆ. ಹಾಗಾಗಿ ಮ್ಯಾನ್ಯುಯಲ್‌ನಲ್ಲಿರುವ ಪ್ಲಗ್ ನಂಬರ್ ಬರೆದುಕೊಂಡೇ ಹೋಗಿ.

ಆ ನಂಬರ್ ಸುಮ್ನೆ ಅಚ್ಚು ಹಾಕಿದ್ದಲ್ಲ. ಎನ್‌ಜಿಕೆಯ ಬಿಪಿಆರ್6ಇಎಸ್-11 ಅನ್ನೋದನ್ನೇ ತೆಗೆದುಕೊಳ್ಳಿ. 'ಆರ್' ಅಂದರೆ ಒಳಗೆ ರೆಸಿಸ್ಟರ್ ಇದೆ. ಅದಿಲ್ಲದಿದ್ದರೆ ರೇಡಿಯೋದಲ್ಲಿ ಕರಕರ ಸದ್ದು, ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುಗೂ ಕಿರಿಕಿರಿ. '6' ಅನ್ನೋದು ಹೀಟ್ ನಂಬರ್. '11' ಅಂದರೆ ಗ್ಯಾಪ್ 1.1 ಮಿಲಿಮೀಟರ್. ಹೀಟ್ ನಂಬರಿನಲ್ಲಿ ಒಂದು ಗೊಂದಲ ಇದೆ. ಎನ್‌ಜಿಕೆ, ಡೆನ್ಸೊದಲ್ಲಿ ನಂಬರ್ ದೊಡ್ಡದಾದಷ್ಟೂ ಪ್ಲಗ್ 'ತಣ್ಣಗಿನದು', ಅಂದರೆ ಶಾಖವನ್ನು ಬೇಗ ಹೆಡ್‌ಗೆ ದಾಟಿಸುವಂಥದು. ಬಾಷ್‌ನಲ್ಲಿ ಪೂರ್ತಿ ಉಲ್ಟಾ. ಅದಕ್ಕೇ ಒಂದು ಕಂಪನಿಯ ನಂಬರ್ ನೋಡಿ ಇನ್ನೊಂದು ಕಂಪನಿಯದನ್ನು ಅಂದಾಜಿನಲ್ಲಿ ಆರಿಸಬೇಡಿ. "ಅಣ್ಣಾ, ಇದು ಎಲ್ಲಾ ಗಾಡಿಗೂ ಕೂರುತ್ತೆ" ಅಂತ ಅಂಗಡಿಯವರು ಹೇಳಿದರೆ ನಕ್ಕು ಮುಂದಿನ ಅಂಗಡಿಗೆ ನಡೆಯಿರಿ. ಕೂರಬಹುದು. ಆದರೆ ಥ್ರೆಡ್ ಉದ್ದ ಜಾಸ್ತಿ ಇದ್ದರೆ ತುದಿ ಪಿಸ್ಟನ್‌ಗೆ ತಾಗಬಹುದು. ಕಡಿಮೆ ಇದ್ದರೆ ಹೆಡ್‌ನ ಖಾಲಿ ಥ್ರೆಡ್‌ನಲ್ಲಿ ಮಸಿ ಕಟ್ಟುತ್ತದೆ.

ನಕಲಿ ಪ್ಲಗ್ ಮಾರುಕಟ್ಟೆಯಲ್ಲಿ ಇದ್ದೇ ಇದೆ. ಅಚ್ಚು ಮಸುಕಾಗಿದ್ದರೆ, ವಾಷರ್ ತಾನಾಗೇ ಕಳಚಿ ಬಂದರೆ, ನಡುವಿನ ತುದಿ ಒಂದು ಪಕ್ಕಕ್ಕೆ ವಾಲಿದ್ದರೆ ತಗೊಳ್ಳಬೇಡಿ. ಬಿಲ್ ಕೇಳಿ ಪಡೆಯಿರಿ.

ಇರಿಡಿಯಂ ಹಾಕಿಸಲಾ ಅಂತ ತುಂಬಾ ಜನ ಕೇಳುತ್ತಾರೆ. ಕಂಪನಿಯೇ ಇರಿಡಿಯಂ ಹೇಳಿದ್ದರೆ ಅದನ್ನೇ ಹಾಕಿ, ಅಲ್ಲಿ ಉಳಿಸೋಕೆ ಹೋಗಬೇಡಿ. ನಿಕ್ಕಲ್ ಹೇಳಿದ ಎಂಜಿನ್‌ಗೆ ಇರಿಡಿಯಂ ಹಾಕಿದರೆ ಗಾಡಿ ಹಾರೋದಿಲ್ಲ, ಪ್ಲಗ್ ಜಾಸ್ತಿ ದಿನ ಬಾಳುತ್ತದೆ ಅಷ್ಟೇ. ದಿನಾ ಬೆಂಗಳೂರು ಓಡುವವರಿಗೆ ಅದು ಲೆಕ್ಕಕ್ಕೆ ಬರುತ್ತದೆ. ಸಂತೆಗೆ, ಮದುವೆಗೆ, ಹಬ್ಬಕ್ಕೆ ಅಂತ ಗಾಡಿ ತೆಗೆಯುವವರಿಗೆ ನಿಕ್ಕಲ್ ಧಾರಾಳ ಸಾಕು.

ಸಾಮಾನು

ಪ್ಲಗ್ ಸಾಕೆಟ್ ಮುಖ್ಯ. ಈಗಿನ ಕಾರುಗಳಲ್ಲಿ ಹೆಚ್ಚಿನವಕ್ಕೆ 16 ಎಂಎಂ ಅಥವಾ 14 ಎಂಎಂ, ಹಳೇ ಮಾರುತಿ 800ರಂಥವಕ್ಕೆ 21 ಎಂಎಂ. ಒಳಗೆ ರಬ್ಬರ್ ಅಥವಾ ಮ್ಯಾಗ್ನೆಟ್ ಇರುವಂಥದ್ದನ್ನೇ ಕೇಳಿ. ಪ್ಲಗ್ ಆಳದ ಗುಂಡಿಯಲ್ಲಿ ಇರುತ್ತದೆ, ಬೆರಳು ಅಲ್ಲಿಗೆ ಹೋಗೋದಿಲ್ಲ. ಜೊತೆಗೆ ರಾಟ್ಚೆಟ್, ಉದ್ದದ ಎಕ್ಸ್‌ಟೆನ್ಶನ್, ಕಾಯಿಲ್ ಬೋಲ್ಟ್ ಬಿಚ್ಚೋಕೆ 10 ಎಂಎಂ ಸಾಕೆಟ್, ಗ್ಯಾಪ್ ಅಳೆಯುವ ಫಿಲ್ಲರ್ ಗೇಜ್, ಟಾರ್ಚ್, ಕಾಟನ್ ಬಟ್ಟೆ. ಎಷ್ಟು ಬಲದಲ್ಲಿ ಬಿಗಿದಿರಿ ಅಂತ ತೋರಿಸುವ ಟಾರ್ಕ್ ರೆಂಚ್ ಇದ್ದರೆ ಒಳ್ಳೇದು. ಇಲ್ಲದಿದ್ದರೂ ಕೆಲಸ ನಿಲ್ಲೋದಿಲ್ಲ, ಅದಕ್ಕೆ ದಾರಿ ಮುಂದೆ ಹೇಳುತ್ತೇನೆ.

ಇನ್ನೊಂದು ವಸ್ತು ಯಾವ ಟೂಲ್ ಕಿಟ್‌ನಲ್ಲೂ ಇರೋದಿಲ್ಲ, ಆದರೆ ನನ್ನ ಪ್ರಕಾರ ಟಾರ್ಕ್ ರೆಂಚ್‌ಗಿಂತ ಅದೇ ಮುಖ್ಯ. ಒಂದು ಅಡಿ ಉದ್ದದ ರಬ್ಬರ್ ಪೈಪ್. ಬೈಕಿನ ಪೆಟ್ರೋಲ್ ಪೈಪ್ ಸಾಕು, ಪ್ಲಗ್‌ನ ಮೇಲ್ತುದಿಗೆ ಬಿಗಿಯಾಗಿ ಕೂರುವಂಥದು.

ಬಿಚ್ಚೋದು

ಎಂಜಿನ್ ಪೂರ್ತಿ ತಣ್ಣಗಿರಬೇಕು. ಕೈ ಇಟ್ಟರೆ ಬೆಚ್ಚಗಿದೆ ಅನ್ನುವ ಮಟ್ಟವೂ ಬೇಡ. ಬಿಸಿ ಹೆಡ್‌ನಲ್ಲಿ ಅಲ್ಯೂಮಿನಿಯಂ ಮೆತ್ತಗಿರುತ್ತದೆ, ಪ್ಲಗ್ ತಿರುಗಿಸುವಾಗ ಥ್ರೆಡ್ ಕಿತ್ತುಕೊಂಡು ಬರಬಹುದು. ರಾತ್ರಿ ನಿಲ್ಲಿಸಿದ ಗಾಡಿಯನ್ನು ಬೆಳಿಗ್ಗೆ ಬಿಚ್ಚೋದೇ ಸರಿ. ಕೀ ತೆಗೆದು ಮನೆಯೊಳಗೆ ಇಡಿ. ಬಟನ್ ಸ್ಟಾರ್ಟ್ ಗಾಡಿಯಾದರೆ ಕೀ ಜೇಬಲ್ಲಿ ಇಟ್ಟುಕೊಂಡು ಬಾನೆಟ್ ಒಳಗೆ ಕೈ ಹಾಕಬೇಡಿ.

ಮೇಲಿನ ಪ್ಲಾಸ್ಟಿಕ್ ಕವರ್ ಎತ್ತಿದರೆ ಪ್ಲಗ್‌ಗಳ ನೆತ್ತಿಯ ಮೇಲೆ ಸಾಲಾಗಿ ಕೂತ ಕಾಯಿಲ್‌ಗಳು ಕಾಣುತ್ತವೆ. ಕೆಲವು ಗಾಡಿಗಳಲ್ಲಿ ಏರ್ ಫಿಲ್ಟರ್ ಪೈಪ್ ಅಡ್ಡ ಬರುತ್ತದೆ, ಅದನ್ನೂ ತೆಗೆಯಬೇಕು. ಕೈ ಹಾಕುವ ಮೊದಲು ಮೊಬೈಲ್‌ನಲ್ಲಿ ಒಂದು ಫೋಟೋ ಹಿಡಿಯಿರಿ. ಹಳೇ 800, ಓಮ್ನಿಯಂಥ, ಡಿಸ್ಟ್ರಿಬ್ಯೂಟರಿನಿಂದ ಪ್ರತಿ ಪ್ಲಗ್‌ಗೂ ವೈರ್ ಬರುವ ಗಾಡಿಯಾದರೆ ಇದು ಇನ್ನೂ ಮುಖ್ಯ. ವೈರ್ ಅದಲು ಬದಲಾದರೆ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರ್‌ಗಳು ಉರಿಯುವ ಸರದಿ ತಪ್ಪಿ ಗಾಡಿ ಸ್ಟಾರ್ಟೇ ಆಗೋದಿಲ್ಲ. ಅಂಥ ಗಾಡಿಯಲ್ಲಿ ವೈರ್ ಹಿಡಿದು ಎಳೆಯಬೇಡಿ, ಬುಡದ ರಬ್ಬರ್ ಹಿಡಿದು ಎಳೆಯಿರಿ.

ಕಾಯಿಲ್ ಕನೆಕ್ಟರಿನ ಲಾಕ್ ಒತ್ತಿ, ಹಿಂದಕ್ಕೆ ಎಳೆಯಿರಿ. ವರ್ಷಗಟ್ಟಲೆ ಬಿಸಿ ತಿಂದ ಪ್ಲಾಸ್ಟಿಕ್ ಅದು, ಹಪ್ಪಳದ ಹಾಗೆ ಮುರಿಯುತ್ತದೆ. ಬರಲಿಲ್ಲ ಅಂದರೆ ಒಮ್ಮೆ ಒಳಕ್ಕೆ ತಳ್ಳಿ, ಆಮೇಲೆ ಲಾಕ್ ಒತ್ತಿ. ಬೋಲ್ಟ್ ಬಿಚ್ಚಿದ ಮೇಲೆ ಕಾಯಿಲ್ಲನ್ನು ಸ್ವಲ್ಪ ಎಡಕ್ಕೆ ಬಲಕ್ಕೆ ತಿರುಗಿಸಿ ನೇರ ಮೇಲಕ್ಕೆ ಎತ್ತಿ. ಕಾಯಿಲ್ ಮೇಲೆ 1, 2, 3 ಅಂತ ಟೇಪ್ ಅಂಟಿಸಿಡಿ. ಇದು ಆಮೇಲೆ ಉಪಯೋಗಕ್ಕೆ ಬರುತ್ತದೆ.

ಈಗ ಗುಂಡಿಯೊಳಗೆ ಟಾರ್ಚ್ ಬಿಡಿ. ನಮ್ಮ ಕಡೆ ರಸ್ತೆಗಳ ಧೂಳು ನಿಮಗೆ ಗೊತ್ತೇ ಇದೆ, ಜಲ್ಲಿ ಕ್ರಷರ್ ಲಾರಿಗಳ ಹಿಂದೆ ಓಡಾಡುವ ಗಾಡಿಗಳಲ್ಲಂತೂ ಪ್ಲಗ್ ಸುತ್ತ ಮರಳೇ ಕೂತಿರುತ್ತದೆ. ಪ್ಲಗ್ ಬಿಚ್ಚಿದ ಕ್ಷಣ ಅದೆಲ್ಲ ಸಿಲಿಂಡರ್ ಒಳಗೆ. ಹಾಗಾಗಿ ಊದಿ ತೆಗೆಯಲೇಬೇಕು. ಪಂಚರ್ ಅಂಗಡಿಗೆ ಹೋಗಿ ಗಾಳಿ ಹೊಡೆಸಿಕೊಂಡು ಬಂದರೆ ಎಂಜಿನ್ ಮತ್ತೆ ಬಿಸಿ ಆಗುತ್ತದೆ, ಅಲ್ವಾ? ಮನೆಯಲ್ಲಿರುವ ಸೈಕಲ್ ಪಂಪ್‌ಗೆ ತೆಳುವಾದ ಪೈಪ್ ಸಿಕ್ಕಿಸಿ ಹೊಡೆದರೆ ಸಾಕು. ಕಣ್ಣಿಗೆ ಕನ್ನಡಕ ಇರಲಿ.

ಗುಂಡಿಯಲ್ಲಿ ಎಣ್ಣೆ ನಿಂತಿದ್ದರೆ ಎಂಜಿನ್ ಮೇಲಿನ ಟ್ಯಾಪೆಟ್ ಕವರ್ ಗ್ಯಾಸ್ಕೆಟ್ ಅಥವಾ ಅಲ್ಲಿನ ಸೀಲ್ ಸೋರುತ್ತಿದೆ. ಬಟ್ಟೆಯಿಂದ ಎಣ್ಣೆ ಹೀರಿ ತೆಗೆದ ಮೇಲೇ ಪ್ಲಗ್ ಬಿಚ್ಚಿ. ಗ್ಯಾಸ್ಕೆಟ್ ಕೆಲಸವನ್ನೂ ಬೇಗ ಮಾಡಿಸಿ, ಇಲ್ಲದಿದ್ದರೆ ಕಾಯಿಲ್‌ನ ರಬ್ಬರ್ ಎಣ್ಣೆಯಲ್ಲಿ ನೆಂದು ಉಬ್ಬುತ್ತದೆ.

ಸಾಕೆಟ್ ಪೂರ್ತಿ ಇಳಿಸಿ, ನೆಟ್ಟಗೆ ಹಿಡಿದು ಎಡಕ್ಕೆ ತಿರುಗಿಸಿ. ವಾಲಿದರೆ ಪಿಂಗಾಣಿ ಬಿರುಕು ಬಿಡುತ್ತದೆ. ಶುರುವಿನಲ್ಲಿ 'ಟಕ್' ಅಂತ ಬಿಟ್ಟುಕೊಂಡು ಆಮೇಲೆ ಸಲೀಸಾಗಿ ಬರಬೇಕು. ಅರ್ಧದಲ್ಲಿ ಮತ್ತೆ ಬಿಗಿಯಾಯಿತಾ? ನಿಲ್ಲಿಸಿ. ಜೋರು ಮಾಡಬೇಡಿ. ತುಕ್ಕು ಬಿಡಿಸುವ ಸ್ಪ್ರೇ ಎರಡು ಹನಿ ಬಿಟ್ಟು, ಅರ್ಧ ಗಂಟೆ ಕಾದು, ಕಾಲು ಸುತ್ತು ಹಿಂದೆ, ಕಾಲು ಸುತ್ತು ಮುಂದೆ ಅಂತ ಆಡಿಸುತ್ತಾ ಬನ್ನಿ. ಅದಕ್ಕೂ ಬಗ್ಗದಿದ್ದರೆ ಹಾಗೇ ವಾಪಸ್ ಬಿಗಿದು ಗ್ಯಾರೇಜ್‌ಗೆ ಹೋಗಿ. ಅದರಲ್ಲಿ ಅವಮಾನ ಏನೂ ಇಲ್ಲ.

ಎಲ್ಲವನ್ನೂ ಒಟ್ಟಿಗೆ ಬಿಚ್ಚಬೇಡಿ. ಒಂದು ಬಿಚ್ಚಿ, ಅದರ ಜಾಗಕ್ಕೆ ಹೊಸದು ಹಾಕಿ, ಆಮೇಲೆ ಮುಂದಿನದು. ತೂತು ತೆರೆದಿರುವ ಹೊತ್ತು ಕಡಿಮೆಯಾದಷ್ಟೂ ಒಳ್ಳೇದು. ವಾಷರ್, ನಟ್ ಒಳಗೆ ಬಿತ್ತು ಅಂದರೆ ಮುಗೀತು ಭಾನುವಾರ.

ಹಳೇ ಪ್ಲಗ್ ಏನು ಹೇಳುತ್ತದೆ

ಬಿಚ್ಚಿದ ಪ್ಲಗ್‌ಗಳನ್ನು ಪೇಪರ್ ಮೇಲೆ ಸಿಲಿಂಡರ್ ಸಾಲಿನಲ್ಲೇ ಜೋಡಿಸಿ. ಸಾಮಾನ್ಯವಾಗಿ ಬೆಲ್ಟ್ ಕಡೆಯದು 1ನೇದು. ಗ್ಯಾರೇಜಿನಲ್ಲಿ ಮಾಡಿಸಿದರೆ ಇವು ನೇರ ಕಸದ ಡಬ್ಬಕ್ಕೆ ಹೋಗುತ್ತವೆ. ಮನೆಯಲ್ಲಿ ಮಾಡಿದ್ದಕ್ಕೆ ಸಿಗುವ ದೊಡ್ಡ ಲಾಭ ಇದೇ.

ತುದಿ ತಿಳಿ ಕಂದು ಅಥವಾ ಬೂದು ಬಣ್ಣ ಇದ್ದರೆ ಎಂಜಿನ್ ಚೆನ್ನಾಗಿದೆ. ಒಣಗಿದ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಥವಾ ಏರ್ ಫಿಲ್ಟರ್ ಕಟ್ಟಿದೆ. ಬರೀ ಊರೊಳಗೆ ಎರಡೆರಡು ಕಿಲೋಮೀಟರ್ ಓಡಾಡುವ ಗಾಡಿಯಲ್ಲೂ ಹೀಗಾಗುತ್ತದೆ. ಪ್ಲಗ್ ತನ್ನ ಮಸಿ ತಾನೇ ಸುಟ್ಟುಕೊಳ್ಳುವಷ್ಟು ಬಿಸಿ ಆಗೋದೇ ಇಲ್ಲ. ಕಪ್ಪಗೆ, ಜಿಡ್ಡು ಜಿಡ್ಡಾಗಿ ಹೊಳೆಯುತ್ತಿದ್ದರೆ ಎಂಜಿನ್ ಆಯಿಲ್ ಒಳಗೆ ಬರುತ್ತಿದೆ: ವಾಲ್ವ್ ಸೀಲ್ ಅಥವಾ ಪಿಸ್ಟನ್ ರಿಂಗ್. ಹೊಸ ಪ್ಲಗ್ ಹಾಕಿದರೂ ಅದು ಸರಿಹೋಗೋದಿಲ್ಲ. ತುದಿ ಬೆಳ್ಳಗಾಗಿ ಗುಳ್ಳೆ ಎದ್ದಿದ್ದರೆ ವಿಪರೀತ ಬಿಸಿ. ಕೂಲೆಂಟ್ ಮಟ್ಟ ನೋಡಿ, ಪ್ಲಗ್ ನಂಬರ್ ಸರಿಯಿದೆಯಾ ನೋಡಿ. ಪೆಟ್ರೋಲ್ ವಾಸನೆ ಬರುವ ಒದ್ದೆ ಪ್ಲಗ್ ಅಂದರೆ ಆ ಸಿಲಿಂಡರ್ ಉರಿಯುತ್ತಲೇ ಇಲ್ಲ.

ಬಣ್ಣಕ್ಕಿಂತ ಮುಖ್ಯವಾದದ್ದು ಹೋಲಿಕೆ. ನಾಲ್ಕೂ ಒಂದೇ ಥರ ಕಪ್ಪಗಿದ್ದರೆ ತೊಂದರೆ ಇಡೀ ಎಂಜಿನ್‌ಗೆ ಸೇರಿದ್ದು, ಫಿಲ್ಟರಿನಂಥದು. ಮೂರು ಕಂದು, ಒಂದು ಮಾತ್ರ ಕಪ್ಪು ಇದ್ದರೆ ಆ ಒಂದು ಸಿಲಿಂಡರನ್ನೇ ಹಿಡಿದುಕೊಳ್ಳಿ.

ಬಿಳೀ ಪಿಂಗಾಣಿಯ ಬುಡದಲ್ಲಿ ಕಂದು ಉಂಗುರದಂಥ ಕಲೆ ಕಂಡರೆ ಗಾಬರಿ ಬೇಡ, ಅದು ಮಾಮೂಲು. ಮೇಲಿಂದ ಕೆಳಗೆ ಪೆನ್ಸಿಲ್ ಗೀರಿನಂಥ ಕಪ್ಪು ಗೆರೆ ಇದ್ದರೆ ಮಾತ್ರ ಕರೆಂಟ್ ಹೊರಗಿಂದ ಹಾರುತ್ತಿದೆ. ಆ ಕಾಯಿಲ್‌ನ ರಬ್ಬರ್ ಒಳಗೂ ಅಂಥದೇ ಗೆರೆ ಇದೆಯಾ ನೋಡಿ.

ಹಿಂದೆ 800 ಕಾಲದಲ್ಲಿ ಪ್ಲಗ್ ತೆಗೆದು ಎಮರಿ ಶೀಟ್‌ನಲ್ಲಿ ಉಜ್ಜಿ ವಾಪಸ್ ಹಾಕುತ್ತಿದ್ದರು. ಇರಿಡಿಯಂ ಪ್ಲಗ್‌ಗೆ ಆ ಕೆಲಸ ಮಾಡಬೇಡಿ. ತುದಿ ಅರ್ಧ ಮಿಲಿಮೀಟರ್ ಆಸುಪಾಸು ದಪ್ಪ ಅಷ್ಟೇ, ಉಜ್ಜಿದರೆ ಹೋಯಿತು. ಹಾಗೇ ಪ್ಲಗ್ಗನ್ನು ಬಾಡಿಗೆ ತಾಗಿಸಿ ಸೆಲ್ಫ್ ಹೊಡೆದು ಕಿಡಿ ನೋಡುವ ಹಳೇ ಚಾಳಿಯೂ ಬೇಡ. ಅಲ್ಲಿರೋದು 20 ಸಾವಿರಕ್ಕೂ ಹೆಚ್ಚು ವೋಲ್ಟ್, ಪಕ್ಕದಲ್ಲೇ ಪೆಟ್ರೋಲ್ ಆವಿ.

ಹೊಸದು ಹಾಕೋದು

ನಂಬರ್ ಇನ್ನೊಮ್ಮೆ ನೋಡಿ. ಫಿಲ್ಲರ್ ಗೇಜ್ ಹಾಕಿ ಗ್ಯಾಪ್ ನೋಡಿ. ಮ್ಯಾನ್ಯುಯಲ್ ಹೇಳಿದ ಗೇಜ್ ಸ್ವಲ್ಪ ಹಿಡಿದಂತೆ ಜಾರಬೇಕು. ನಿಕ್ಕಲ್ ಪ್ಲಗ್‌ನಲ್ಲಿ ವ್ಯತ್ಯಾಸ ಇದ್ದರೆ ಹೊರಗಿನ ಬಾಗಿದ ಕಡ್ಡಿಯನ್ನು ಮಾತ್ರ ಅಷ್ಟಷ್ಟೇ ಒತ್ತಿ ಸರಿ ಮಾಡಿ, ನಡುವಿನದನ್ನು ಮುಟ್ಟಬೇಡಿ. ಇರಿಡಿಯಂ ಆದರೆ ಗೇಜನ್ನೂ ತುರುಕಬೇಡಿ. ತಪ್ಪಿದೆ ಅನ್ನಿಸಿದರೆ ಅಂಗಡಿಗೆ ವಾಪಸ್ ಕೊಡಿ. ಕೈ ಜಾರಿ ಸಿಮೆಂಟ್ ನೆಲಕ್ಕೆ ಬಿದ್ದ ಪ್ಲಗ್ ಬಳಸಬೇಡಿ, ಒಳಗಿನ ಬಿರುಕು ಹೊರಗೆ ಕಾಣೋದಿಲ್ಲ.

ಈಗ ರಬ್ಬರ್ ಪೈಪ್. ಪ್ಲಗ್‌ನ ಮೇಲ್ತುದಿಯನ್ನು ಪೈಪ್‌ಗೆ ಸಿಕ್ಕಿಸಿ, ಗುಂಡಿಯೊಳಗೆ ನಿಧಾನವಾಗಿ ಇಳಿಸಿ. ತಳ ಮುಟ್ಟಿದ ಮೇಲೆ ಮೊದಲು ಎಡಕ್ಕೆ, ಅಂದರೆ ಬಿಚ್ಚುವ ಕಡೆಗೆ ತಿರುಗಿಸಿ. ಒಂದು ಕಡೆ ಪ್ಲಗ್ ಕೂದಲೆಳೆಯಷ್ಟು ಕೆಳಗೆ ಕುಸಿದಂತೆ ಬೆರಳಿಗೆ ಗೊತ್ತಾಗುತ್ತದೆ. ಎರಡೂ ಥ್ರೆಡ್‌ನ ಬಾಯಿ ಸೇರಿದ ಜಾಗ ಅದು. ಅಲ್ಲಿಂದ ಬಲಕ್ಕೆ ತಿರುಗಿಸಿ. ಬೆರಳ ತುದಿಯಲ್ಲೇ ಸುತ್ತಿನ ಮೇಲೆ ಸುತ್ತು ಸಲೀಸಾಗಿ ಇಳಿಯಬೇಕು. ಅಡ್ಡ ಹಿಡಿದರೆ ಪೈಪ್ ಪ್ಲಗ್ ಮೇಲೆಯೇ ಜಾರುತ್ತದೆ. ಥ್ರೆಡ್ ಕಡಿಯುವಷ್ಟು ಬಲ ಅದಕ್ಕಿಲ್ಲ. ರಾಟ್ಚೆಟ್‌ಗೆ ಆ ಬಲ ಇದೆ. ಅದಕ್ಕೇ ಪ್ಲಗ್ ಪೂರ್ತಿ ತಳ ಸೇರುವವರೆಗೆ ರಾಟ್ಚೆಟ್ ಕೈಗೆ ತೆಗೆದುಕೊಳ್ಳಬೇಡಿ. ಒಂದೆರಡು ಸುತ್ತಿಗೇ ಬಿಗಿಯಾಯಿತು ಅಂದರೆ ಬಿಚ್ಚಿ, ಮತ್ತೆ ಮೊದಲಿಂದ.

ತಳ ಸೇರಿದ ಮೇಲೆ ಬಿಗಿ ಎಷ್ಟು? ಟಾರ್ಕ್ ರೆಂಚ್ ಇದ್ದರೆ ಮ್ಯಾನ್ಯುಯಲ್ ಹೇಳಿದಷ್ಟು. ಸಾಮಾನ್ಯವಾಗಿ 14 ಎಂಎಂ ಥ್ರೆಡ್‌ಗೆ (ಇದು ಥ್ರೆಡ್‌ನ ದಪ್ಪ, ಸಾಕೆಟ್ ಅಳತೆ ಅಲ್ಲ) 25ರಿಂದ 30 ನ್ಯೂಟನ್ ಮೀಟರ್, 12 ಎಂಎಂಗೆ 15ರಿಂದ 20. ರೆಂಚ್ ಇಲ್ಲವಾದರೆ, ವಾಷರ್ ಇರುವ ಹೊಸ ಪ್ಲಗ್‌ಗೆ ಕೈಯಲ್ಲಿ ಪೂರ್ತಿ ಕೂರಿಸಿದ ಮೇಲೆ ಸುಮಾರು ಅರ್ಧ ಸುತ್ತು. ವಾಷರ್ ಚಪ್ಪಟೆಯಾಗೋದು ಕೈಗೆ ತಿಳಿಯುತ್ತದೆ. ಹಳೇ ಪ್ಲಗ್ಗನ್ನೇ ವಾಪಸ್ ಹಾಕುತ್ತಿದ್ದರೆ ವಾಷರ್ ಆಗಲೇ ಚಪ್ಪಟೆ, ಹಾಗಾಗಿ ಹನ್ನೆರಡನೇ ಒಂದು ಭಾಗ ಸುತ್ತು ಸಾಕು. ವಾಷರ್ ಇಲ್ಲದ, ಬುಡ ಇಳಿಜಾರಾಗಿರುವ ಪ್ಲಗ್‌ಗೆ ಹದಿನಾರನೇ ಒಂದು ಭಾಗ ಅಷ್ಟೇ. ಪ್ಲಗ್ ಡಬ್ಬಿಯ ಮೇಲೆ ಇದರ ಚಿತ್ರ ಇದ್ದರೆ ಅದನ್ನೇ ಅನುಸರಿಸಿ. ಸಡಿಲ ಬಿಟ್ಟರೂ ತಪ್ಪೇ. ಶಾಖ ಹೆಡ್‌ಗೆ ದಾಟದೆ ಪ್ಲಗ್ ಸುಟ್ಟುಹೋಗುತ್ತದೆ.

ಥ್ರೆಡ್‌ಗೆ ಗ್ರೀಸ್, ಥ್ರೆಡ್ ಕಚ್ಚಿಕೊಳ್ಳದಂತೆ ಹಚ್ಚುವ ಆ್ಯಂಟಿ ಸೀಜ್ ಹಚ್ಚಲಾ? ಲೋಹದ ಲೇಪ ಇರುವ ಈಗಿನ ಪ್ಲಗ್‌ಗಳಿಗೆ ಬೇಡ ಅಂತ ಎನ್‌ಜಿಕೆಯೇ ಹೇಳುತ್ತದೆ. ಹಚ್ಚಿದರೆ ಜಾರಿಕೆ ಜಾಸ್ತಿಯಾಗಿ, ರೆಂಚ್ ಸರಿಯಾದ ಟಾರ್ಕ್ ತೋರಿಸುವಾಗಲೇ ನಾವು ಅತಿಯಾಗಿ ಬಿಗಿದಿರುತ್ತೇವೆ.

ಕಾಯಿಲ್ ವಾಪಸ್ ಒತ್ತಿ ಕೂರಿಸಿ, ಬೋಲ್ಟ್ ಹದವಾಗಿ ಬಿಗಿಯಿರಿ, ಕನೆಕ್ಟರ್ 'ಕ್ಲಿಕ್' ಅನ್ನಬೇಕು. ತೆಗೆದ ಏರ್ ಪೈಪಿನ ಕ್ಲಿಪ್ ಮರೆಯಬೇಡಿ.

ಸ್ಟಾರ್ಟ್ ಮಾಡಿ ನೋಡೋದು

ನಿಂತಲ್ಲಿ ಎಂಜಿನ್ ನಡುಗದೆ ಒಂದೇ ಸಮನೆ ಓಡಿದರೆ ಅರ್ಧ ಪರೀಕ್ಷೆ ಪಾಸು. ಉಳಿದರ್ಧ ಏರಿನಲ್ಲಿ. ಭಾರ ಬಿದ್ದಾಗ ಸಿಲಿಂಡರ್ ಒಳಗಿನ ಒತ್ತಡ ಏರುತ್ತದೆ, ಕಿಡಿ ಹಾರೋಕೆ ಜಾಸ್ತಿ ವೋಲ್ಟೇಜ್ ಬೇಕಾಗುತ್ತದೆ. ಎಲ್ಲಾದರೂ ಕರೆಂಟ್ ಸೋರಿಕೆ ಇದ್ದರೆ ಆಗಲೇ ಬಯಲಾಗೋದು. ತುಮಕೂರಿನ ನಮಗೆ ಅದಕ್ಕೆ ದೇವರಾಯನದುರ್ಗದ ಬೆಟ್ಟವೇ ಇದೆ. ನಾಮದ ಚಿಲುಮೆ ದಾಟಿ ಏರು ಸಿಕ್ಕ ಮೇಲೆ ಮೂರನೇ ಗೇರಿನಲ್ಲಿ ಕಡಿಮೆ ಆರ್‌ಪಿಎಂನಿಂದ ನಿಧಾನವಾಗಿ ಆ್ಯಕ್ಸಿಲರೇಟರ್ ಒತ್ತಿ. ಜಗ್ಗದೆ ಎಳೆದರೆ ಸರಿಯಿದೆ.

ಜಗ್ಗಿದರೆ, ಅಥವಾ ನಿಂತಲ್ಲೇ ನಡುಗುತ್ತಿದ್ದರೆ, ಮೊದಲು ಕನೆಕ್ಟರ್‌ಗಳನ್ನು ನೋಡಿ. ಹತ್ತರಲ್ಲಿ ಒಂಬತ್ತು ಸಲ ಒಂದು ಪೂರ್ತಿ ಕೂತಿರೋದಿಲ್ಲ. ಅವು ಸರಿಯಿದ್ದರೆ, ಕಾರಿಗೆ ಸಿಕ್ಕಿಸಿ ದೋಷದ ಕೋಡ್ ಓದುವ ಓಬಿಡಿ ಸ್ಕ್ಯಾನರ್ ಇರುವವರು ಕೋಡ್ ಓದಿ. ಪಿ0301 ಅಂದರೆ 1ನೇ ಸಿಲಿಂಡರ್ ಮಿಸ್ (ಸರಿಯಾಗಿ ಉರಿಯುತ್ತಿಲ್ಲ), ಪಿ0302 ಅಂದರೆ 2ನೇದು, ಹೀಗೆ. ಪಿ0300 ಅಂದರೆ ಒಂದು ಕಡೆ ನಿಲ್ಲದ ಮಿಸ್.

2ನೇದು ಅಂತ ಬಂತು ಅನ್ನಿ. ಎಂಜಿನ್ ತಣ್ಣಗಾದ ಮೇಲೆ 2ನೇ ಕಾಯಿಲ್ಲನ್ನು 3ಕ್ಕೆ, 3ರದ್ದನ್ನು 2ಕ್ಕೆ ಹಾಕಿ, ಕೋಡ್ ಅಳಿಸಿ, ಮತ್ತೆ ಓಡಿಸಿ. ಟೇಪ್ ಅಂಟಿಸಿದ್ದು ಇದಕ್ಕೇ. ಕೋಡ್ 3ಕ್ಕೆ ಹಾರಿದರೆ ಕಾಯಿಲ್ ಹೋಗಿದೆ, ಅದೊಂದನ್ನು ಬದಲಾಯಿಸಿದರೆ ಸಾಕು. 2ರಲ್ಲೇ ಉಳಿದರೆ ಪ್ಲಗ್‌ಗಳನ್ನು ಹಾಗೇ ಅದಲು ಬದಲು ಮಾಡಿ ನೋಡಿ. ಆಗಲೂ 2 ಬಿಟ್ಟು ಕದಲದಿದ್ದರೆ ಇಂಜೆಕ್ಟರ್ ಅಥವಾ ಕಂಪ್ರೆಷನ್ ಕಡೆ ಅನುಮಾನ. ಅಲ್ಲಿಂದ ಮುಂದಕ್ಕೆ ಗ್ಯಾರೇಜೇ ಗತಿ. ಆದರೆ ಈಗ "ಗಾಡಿ ಯಾಕೋ ಎಳೀತಿಲ್ಲ ಅಣ್ಣಾ" ಅನ್ನುವ ಬದಲು "2ನೇ ಸಿಲಿಂಡರ್ ಮಿಸ್ ಇದೆ, ಪ್ಲಗ್ಗೂ ಕಾಯಿಲ್ಲೂ ಬದಲಿಸಿ ನೋಡಿದ್ದೀನಿ, ಕಂಪ್ರೆಷನ್ ಚೆಕ್ ಮಾಡಿ" ಅಂತ ಹೇಳಬಹುದು. ಹಳೇ ಪ್ಲಗ್‌ಗಳನ್ನೂ ಸಾಲು ತಪ್ಪದಂತೆ ಜೊತೆಗೆ ಒಯ್ಯಿರಿ, ಮೆಕ್ಯಾನಿಕ್‌ಗೆ ಅವೂ ಬೇಕಾಗುತ್ತವೆ.